ನ್ಯೂ ಲ್ಯಾನಾರ್ಕಿನ ಧಣಿ: ದಯೆ ಎಷ್ಟು, ಲೆಕ್ಕ ಎಷ್ಟು?

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ಒಂದು ಸಣ್ಣ ಗಾರ್ಮೆಂಟ್ಸ್ ಯೂನಿಟ್ ನಡೆಸುತ್ತೇನೆ. ಅರವತ್ತು ಜನ ಕೆಲಸಕ್ಕಿದ್ದಾರೆ. ಮಗಳ ಇತಿಹಾಸದ ಪುಸ್ತಕದಲ್ಲಿ ರಾಬರ್ಟ್ ಓವೆನ್ ಅನ್ನುವ ಮಿಲ್ ಮಾಲೀಕನ ಬಗ್ಗೆ ಓದಿದೆ. ಇನ್ನೂರು ವರ್ಷದ ಹಿಂದೆಯೇ ಕಾರ್ಮಿಕರನ್ನು ಮನುಷ್ಯರ ಹಾಗೆ ನೋಡಿಕೊಂಡ, ಆದರೂ ಲಾಭ ಮಾಡಿದ ಅಂತ ಬರೆದಿದ್ದಾರೆ. ನಮ್ಮ ಯಜಮಾನರು "ಅದೆಲ್ಲ ಪುಸ್ತಕದ ಬದನೆಕಾಯಿ, ಅವನಿಗೂ ಇದ್ದದ್ದು ಲಾಭದ ಲೆಕ್ಕವೇ" ಅನ್ನುತ್ತಾರೆ. ನಿಜ ಏನು? ನಮ್ಮಂಥ ಚಿಕ್ಕವರು ಅವನಿಂದ ಕಲಿಯುವಂಥದ್ದು ಏನಾದರೂ ಇದೆಯಾ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ತಪ್ಪೇನಿಲ್ಲ, ಆದರೆ ಅದು ಅರ್ಧ ಮಾತು. ಓವೆನ್‌ಗೆ ಲಾಭದ ಲೆಕ್ಕ ಖಂಡಿತ ಇತ್ತು. ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. 1813ರಲ್ಲಿ ಉಳಿದ ಮಿಲ್ ಮಾಲೀಕರಿಗೆ ಅಂತಲೇ ಬರೆದ ಮಾತಿನಲ್ಲಿ ಅವನು ಕೇಳಿದ್ದು ಇಷ್ಟು: ಯಂತ್ರವನ್ನು ಒರೆಸಿ, ರಿಪೇರಿ ಮಾಡಿ, ಚೊಕ್ಕವಾಗಿ ಇಟ್ಟುಕೊಂಡರೆ ಜಾಸ್ತಿ ದುಡಿಯುತ್ತದೆ ಅಂತ ನಿಮಗೆಲ್ಲ ಗೊತ್ತು, ಅದಕ್ಕೆ ದುಡ್ಡು ಸುರಿಯುತ್ತೀರಿ, ಹಾಗಿದ್ದ ಮೇಲೆ ಅದಕ್ಕಿಂತ ಎಷ್ಟೋ ನಾಜೂಕಾದ ನಿಮ್ಮ ಜೀವಂತ ಯಂತ್ರಗಳ ಕಡೆ ಅಷ್ಟೇ ಗಮನ ಯಾಕೆ ಕೊಡುವುದಿಲ್ಲ? ಹಾಗೆ ಖರ್ಚು ಮಾಡಿದ ದುಡ್ಡು ನೂರಕ್ಕೆ ಐದೋ ಹತ್ತೋ ಅಲ್ಲ, ಐವತ್ತರಷ್ಟು, ಎಷ್ಟೋ ಕಡೆ ನೂರರಷ್ಟು ವಾಪಸ್ ಬರುತ್ತದೆ ಅಂತಲೂ ಸೇರಿಸಿದ. ಮನುಷ್ಯರನ್ನು ಜೀವಂತ ಯಂತ್ರ ಅನ್ನುವುದು ಕೇಳುವುದಕ್ಕೆ ಚೆನ್ನಾಗಿಲ್ಲ, ನಿಜ. ಆದರೆ ಅವನು ಯಾರ ಹತ್ತಿರ ಮಾತಾಡುತ್ತಿದ್ದ ಅಂತ ನೋಡಿ. ಆ ಜನಕ್ಕೆ ಲೆಕ್ಕದ ಭಾಷೆ ಬಿಟ್ಟರೆ ಇನ್ನೊಂದು ಕಿವಿಗೆ ಬೀಳುತ್ತಿರಲಿಲ್ಲ.

ಹಾಗಂತ ಬರೀ ಲೆಕ್ಕ ಅಂತ ಕೈತೊಳೆದುಕೊಳ್ಳುವುದಕ್ಕೂ ಆಗುವುದಿಲ್ಲ. ಲೆಕ್ಕಕ್ಕೆ ಸಿಗದ ಕಡೆಯೂ ಅವನು ದುಡ್ಡು ಬಿಟ್ಟಿದ್ದಾನೆ, ಅದಕ್ಕಾಗಿ ಪಾಲುದಾರರನ್ನು ಎದುರು ಹಾಕಿಕೊಂಡಿದ್ದಾನೆ. ನಾನಾದರೆ ಕೇಳುವ ಪ್ರಶ್ನೆ ಬೇರೆ. ಧಣಿ ಒಳ್ಳೆಯವನಾಗಿರುವಷ್ಟು ದಿನ ಎಲ್ಲ ಸರಿ, ನಾಳೆ ಅವನ ಮನಸ್ಸು ತಿರುಗಿದರೆ, ಅಥವಾ ಅವನು ಮಾರಿ ಹೊರಟರೆ, ಕಾರ್ಮಿಕನ ಕೈಯಲ್ಲಿ ಏನು ಉಳಿಯುತ್ತದೆ? ಇದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಆಸಾಮಿ ಯಾರು ಅಂತ ಸ್ವಲ್ಪ. 1771ರಲ್ಲಿ ವೇಲ್ಸ್‌ನ ನ್ಯೂಟೌನ್ ಅನ್ನುವ ಸಣ್ಣ ಊರಲ್ಲಿ ಹುಟ್ಟಿದವನು. ಅಪ್ಪ ಕುದುರೆ ಜೀನು ಮಾಡುವುದು, ಕಬ್ಬಿಣದ ಸಾಮಾನು ಮಾರುವುದು ಮಾಡಿಕೊಂಡಿದ್ದವರು. ಹತ್ತು ವರ್ಷಕ್ಕೇ ಮನೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಇಪ್ಪತ್ತು ದಾಟುವಷ್ಟರಲ್ಲಿ ಮ್ಯಾಂಚೆಸ್ಟರಿನಲ್ಲಿ ಐನೂರು ಜನ ದುಡಿಯುವ ನೂಲಿನ ಮಿಲ್ಲಿಗೆ ಮ್ಯಾನೇಜರ್. ಅಂದರೆ ನೂಲಿನ ಎಳೆಯನ್ನು ಕೈಯಲ್ಲಿ ಹಿಡಿದೇ ಒಳ್ಳೆಯದು ಕೆಟ್ಟದ್ದು ಹೇಳಬಲ್ಲ ಮನುಷ್ಯ, ಸುಮ್ನೆ ಮೇಲಿನಿಂದ ಉಪದೇಶ ಮಾಡಲು ಬಂದ ಸಾಹುಕಾರ ಅಲ್ಲ. 1799ರಲ್ಲಿ ಪಾಲುದಾರರ ಜೊತೆ ಸೇರಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಮಿಲ್ಲುಗಳನ್ನು 60,000 ಪೌಂಡಿಗೆ ಕೊಂಡ, ಅದೂ ಇಪ್ಪತ್ತು ವರ್ಷದ ಕಂತಿನಲ್ಲಿ. ಮಾರಿದವರು ಡೇವಿಡ್ ಡೇಲ್. ಅದೇ ವರ್ಷ ಅವರ ಮಗಳು ಕ್ಯಾರೊಲಿನ್ ಜೊತೆ ಮದುವೆಯೂ ಆಯಿತು. 1800ರ ಜನವರಿ 1ರಿಂದ ಮಿಲ್ಲಿನ ಆಡಳಿತ ಅವನ ಕೈಗೆ.

ನ್ಯೂ ಲ್ಯಾನಾರ್ಕ್ ಅಂದರೆ ಕ್ಲೈಡ್ ನದಿ ಜಲಪಾತಗಳಾಗಿ ಧುಮುಕುವ ಕಡೆ, ಕಡಿದಾದ ಕಣಿವೆಯ ತಳದಲ್ಲಿ, ನೀರಿನ ಬಲದಿಂದ ಚಕ್ರ ತಿರುಗಿಸಲು ಅಂತಲೇ ಕಟ್ಟಿದ ಊರು. ಡೇಲ್ 1780ರ ದಶಕದಲ್ಲಿ, ನೀರಿನಿಂದ ನೂಲುವ ಯಂತ್ರ ತಂದ ರಿಚರ್ಡ್ ಆರ್ಕ್‌ರೈಟ್ ಜೊತೆ ಸೇರಿ ಅದನ್ನು ಶುರು ಮಾಡಿದ್ದು. ನೀರು ಧಾರಾಳ, ಜನ ಇಲ್ಲ. ಬೆಳಗಿಂದ ಸಂಜೆವರೆಗೆ ಗೋಡೆಯೊಳಗೆ ಗಂಟೆ ಹೊಡೆದಾಗ ಏಳು, ಹೊಡೆದಾಗ ನಿಲ್ಲು ಅನ್ನುವ ಕೆಲಸ ಸುತ್ತಲಿನ ರೈತಾಪಿ ಜನಕ್ಕೆ ಬೇಡವಾಗಿತ್ತು. ಅದಕ್ಕೇ ಬೆಟ್ಟದ ಸೀಮೆಯಿಂದ ಭೂಮಿ ಕಳೆದುಕೊಂಡು ಬಂದವರನ್ನು ಸೇರಿಸಿಕೊಂಡರು, ಎಡಿನ್‌ಬರೊ ಮತ್ತು ಗ್ಲಾಸ್ಗೊದ ಅನಾಥಾಲಯಗಳಿಂದ ಮಕ್ಕಳನ್ನು ತಂದರು. ಓವೆನ್ ಬಂದಾಗ ಹೀಗೆ ತಂದ ಮಕ್ಕಳೇ ಸುಮಾರು ಐನೂರು. ಆರು, ಏಳು, ಎಂಟು ವರ್ಷದವರು.

ಇಲ್ಲೊಂದು ಮಾತು ಹೇಳಬೇಕು. ಆ ಕಾಲದ ಅಳತೆಯಲ್ಲಿ ಡೇಲ್ ಬಹಳ ಒಳ್ಳೆಯ ಧಣಿ. ಮಕ್ಕಳಿಗೆ ಹೊಟ್ಟೆ ತುಂಬ ಊಟ, ಒಗೆದ ಬಟ್ಟೆ, ಮಲಗಲು ಚೊಕ್ಕ ಹಾಸಿಗೆ ಕೊಡುತ್ತಿದ್ದರು, ಮೇಷ್ಟ್ರನ್ನು ಇಟ್ಟು ಸಂಜೆ ಪಾಠವನ್ನೂ ಹೇಳಿಸುತ್ತಿದ್ದರು. ಬೇರೆ ಮಿಲ್ಲುಗಳಲ್ಲಿ ಅದ್ಯಾವುದೂ ಇರಲಿಲ್ಲ. ಆದರೆ ಆ ಪಾಠ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಹೋದ ಮಗು ಸಂಜೆ ಏಳಕ್ಕೆ ಹೊರಗೆ ಬಂದ ಮೇಲೆ. ದಿನವಿಡೀ ನಿಂತು ಕಡಿದ ಎಳೆ ಜೋಡಿಸಿ, ಯಂತ್ರದ ಕೆಳಗೆ ನುಸುಳಿ ಹತ್ತಿಯ ಧೂಳು ಗುಡಿಸಿ ಬಂದ ಏಳು ವರ್ಷದ ಕೂಸಿಗೆ ಅಕ್ಷರ ಏನು ತಲೆಗೆ ಹೋಗಬೇಕು? ಆ ಮಕ್ಕಳ ಮೈಯೂ ಬೆಳೆದಿರಲಿಲ್ಲ, ಬುದ್ಧಿಯೂ ಬೆಳೆದಿರಲಿಲ್ಲ ಅಂತ ಓವೆನ್ ಆಮೇಲೆ ಹೇಳಿದ. ಮಾವನ ಮೇಲೆ ಗೌರವ ಇಟ್ಟುಕೊಂಡೇ ಹೇಳಿದ, ಅದು ಮುಖ್ಯ. ಧಣಿ ಎಷ್ಟೇ ಕರುಣಾಳು ಆಗಿರಲಿ, ಗಂಟೆಗಳ ಲೆಕ್ಕ ಬದಲಾಗದೆ ಬೇರೆ ಏನು ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ ಅಂತ ಅವನಿಗೆ ಅಲ್ಲೇ ಹೊಳೆದದ್ದು.

ಅನಾಥಾಲಯದಿಂದ ಮಕ್ಕಳನ್ನು ತರುವುದನ್ನು ನಿಲ್ಲಿಸಿದ. ಹತ್ತು ವರ್ಷ ತುಂಬದವರನ್ನು ಮಿಲ್ಲಿನೊಳಗೆ ಬಿಡುವುದನ್ನು ನಿಲ್ಲಿಸಿದ. ಮನೆಗಳಿಗೆ ಇನ್ನೊಂದು ಅಂತಸ್ತು ಏರಿಸಿದ, ಬೀದಿಯ ತಿಪ್ಪೆ ತೆಗೆಸಿದ. ಅಂಗಡಿ ವಿಷಯ ನಿಮಗೆ ಹಿಡಿಸಬಹುದು. ಆಗ ಮಿಲ್ ಊರುಗಳಲ್ಲಿ ಮಾಲೀಕರದೇ ಅಂಗಡಿ ಇರುತ್ತಿತ್ತು, ಕಳಪೆ ಸಾಮಾನು, ದುಬಾರಿ ಬೆಲೆ, ಸಾಲದ ಪುಸ್ತಕ, ಸಂಬಳ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ದಂಧೆ ಅದು. ಓವೆನ್ ಸಗಟಿನಲ್ಲಿ ಒಳ್ಳೆಯ ಮಾಲು ತರಿಸಿ ಕಡಿಮೆ ಬೆಲೆಗೆ ಮಾರಿಸಿದ. ಆದರೂ ಅಂಗಡಿಗೆ ಲಾಭ ಬಂತು, ಆ ಲಾಭದಿಂದಲೇ ಶಾಲೆ ನಡೆಯಿತು. ದಯೆ, ಲೆಕ್ಕ ಎರಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಜನ ಅವನನ್ನು ನಂಬಲಿಲ್ಲ. ಹೊರಗಿನವನು, ಮಾತಿನ ವರಸೆಯೇ ಬೇರೆ, ಬಂದವನೇ ಎಲ್ಲ ಬದಲಾಯಿಸುತ್ತಾನೆ, ಇದರಲ್ಲಿ ಏನೋ ಮಸಲತ್ತು ಇದೆ, ಕೊನೆಗೆ ನಮ್ಮ ಬೆನ್ನ ಮೇಲೇ ಜಾಸ್ತಿ ಕೆಲಸ ಹೇರುತ್ತಾನೆ ಅನ್ನುವ ಗುಮಾನಿ. ಕಾರ್ಮಿಕರು ಹಾಗೆ ಯೋಚಿಸಿದ್ದರಲ್ಲಿ ತಪ್ಪೇನಿದೆ ಹೇಳಿ. ಅನುಭವ ಅವರಿಗೆ ಕಲಿಸಿದ್ದೇ ಅದು.

ಆ ಗುಮಾನಿ ಹೋದದ್ದು ಒಂದು ಕಷ್ಟ ಬಂದಾಗ. ಬ್ರಿಟನ್ ಜೊತೆಗಿನ ಜಗಳದಲ್ಲಿ ಅಮೆರಿಕ ತನ್ನ ಬಂದರುಗಳಿಂದ ಮಾಲು ಹೊರಗೆ ಹೋಗದ ಹಾಗೆ ತಡೆ ಹಾಕಿತು. ಹತ್ತಿ ಬೆಲೆ ಗಗನಕ್ಕೆ ಹೋಯಿತು. ಎಷ್ಟೋ ಮಿಲ್ಲುಗಳು ಜನರನ್ನು ಮನೆಗೆ ಕಳಿಸಿ ಬಾಗಿಲು ಹಾಕಿದವು. ಓವೆನ್ ಕೂಡ ಮಿಲ್ಲು ನಿಲ್ಲಿಸಿದ, ಆ ಬೆಲೆಗೆ ಹತ್ತಿ ಕೊಂಡು ನೂಲುವುದು ಹುಚ್ಚುತನ ಅಂತ ಅವನಿಗೆ ಗೊತ್ತಿತ್ತು. ಆದರೆ ಒಬ್ಬರನ್ನೂ ತೆಗೆಯಲಿಲ್ಲ. ಯಂತ್ರ ಒರೆಸಿಕೊಂಡು ಚೆನ್ನಾಗಿ ಇಟ್ಟಿರಿ ಅಂತ ಹೇಳಿ, ನಾಲ್ಕು ತಿಂಗಳು, ಒಂದು ಪೆನ್ನಿ ಕೂಡ ಹಿಡಿಯದೆ ಪೂರ್ತಿ ಸಂಬಳ ಕೊಟ್ಟ. ಅವನೇ ಹೇಳಿಕೊಂಡ ಲೆಕ್ಕದ ಪ್ರಕಾರ 7,000 ಪೌಂಡಿಗೂ ಮೇಲೆ ಖರ್ಚು. ಇಡೀ ಮಿಲ್ಲು ಕೊಂಡದ್ದೇ 60,000ಕ್ಕೆ, ನೆನಪಿರಲಿ. ಊರಿನ ಮನಸ್ಸು ಆಮೇಲೆ ಅವನ ಕಡೆ ತಿರುಗಿತು. ಅವನ ಒಟ್ಟು ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಶಾಲೆ, ಬೀದಿ, ಅಂಗಡಿ ಇವೆಲ್ಲ ವ್ಯಾಪಾರ ಚೆನ್ನಾಗಿದ್ದಾಗ ಮಾಡುವ ಕೆಲಸ. ಆರ್ಡರ್ ಇಲ್ಲದ ತಿಂಗಳಲ್ಲಿ ಸಂಬಳ ಕೊಡುವುದು ಎಂಥ ಮಾತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಅವನ ಮಿಲ್ಲಿನೊಳಗೆ ನೇತಾಡುತ್ತಿದ್ದ ಮರದ ತುಂಡಿನ ಕಥೆ. ಅದನ್ನು 'ಮೂಕ ಮೇಸ್ತ್ರಿ' ಅಂತ ಕರೆಯಬಹುದು. ಸುಮಾರು ಎರಡು ಇಂಚು ಉದ್ದ, ಒಂದು ಇಂಚು ಅಗಲದ ಚೌಕ ತುಂಡು, ನಾಲ್ಕು ಮಗ್ಗುಲು, ನಾಲ್ಕು ಬಣ್ಣ. ಪ್ರತಿಯೊಬ್ಬ ಕೆಲಸಗಾರನ ಹತ್ತಿರವೂ ಎಲ್ಲರಿಗೂ ಕಾಣುವ ಹಾಗೆ ಕೊಕ್ಕೆಗೆ ಸಿಕ್ಕಿಸಿರುತ್ತಿದ್ದರು. ಕಪ್ಪು ಮುಂದಿದ್ದರೆ ನಿನ್ನೆಯ ನಡತೆ ಕೆಟ್ಟದ್ದು, ನೀಲಿ ಅಂದರೆ ಅಷ್ಟಕ್ಕಷ್ಟೆ, ಹಳದಿ ಒಳ್ಳೆಯದು, ಬಿಳಿ ಬಹಳ ಒಳ್ಳೆಯದು. ದಿನಾ ಮೇಲ್ವಿಚಾರಕ ಬಂದು ತಿರುಗಿಸಿ ಹೋಗುತ್ತಿದ್ದ. ಆ ಬಣ್ಣ ಪುಸ್ತಕದಲ್ಲೂ ದಾಖಲಾಗುತ್ತಿತ್ತು, ದಿನ ದಿನದ್ದು, ವರ್ಷಗಟ್ಟಲೆ. ಮೇಲ್ವಿಚಾರಕರಿಗೂ ಅದೇ ಥರದ ತುಂಡು ಇತ್ತು, ಅದನ್ನು ಅವರ ಮೇಲಿನವನು ತಿರುಗಿಸುತ್ತಿದ್ದ. ಅನ್ಯಾಯ ಆಯಿತು ಅನ್ನಿಸಿದವರು ಬಣ್ಣ ಪುಸ್ತಕಕ್ಕೆ ಏರುವ ಮೊದಲು ನೇರ ಓವೆನ್ ಹತ್ತಿರ ಹೋಗಿ ದೂರಬಹುದಿತ್ತು. ಓವೆನ್ ಮಿಲ್ಲಿನಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದ, ಕಪ್ಪು ಕಂಡಲ್ಲಿ ಆ ಮನುಷ್ಯನ ಮುಖ ನೋಡುತ್ತಿದ್ದ, ಒಂದು ಮಾತೂ ಬೈಯುತ್ತಿರಲಿಲ್ಲ. ಮೊದಮೊದಲು ಎಲ್ಲೆಲ್ಲೂ ಕಪ್ಪು, ವರ್ಷ ಕಳೆದಂತೆ ನೀಲಿ, ಆಮೇಲೆ ಹಳದಿ, ಬಿಳಿ ಅಂತ ಅವನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಇದನ್ನು ಎರಡು ಥರ ನೋಡಬಹುದು. ಮಕ್ಕಳನ್ನು ಚರ್ಮದ ಪಟ್ಟಿಯಲ್ಲಿ ಹೊಡೆದು ಎಚ್ಚರ ಇಡುತ್ತಿದ್ದ ಕಾಲ ಅದು. ಕಣ್ಣೆದುರಿಗೆ ಎರಡು ಇಂಚಿನ ಮರದ ತುಂಡು ಬಂತು, ಬೆನ್ನ ಮೇಲಿನ ಏಟು ಹೋಯಿತು. ಸಣ್ಣ ವಿಷಯ ಅಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಅಕ್ಕಪಕ್ಕದವರ ಎದುರಿಗೆ ದಿನವಿಡೀ ನಿಮ್ಮ ನಿನ್ನೆಯ ನಡತೆಯ ಬಣ್ಣ ನೇತಾಡುತ್ತಿರುತ್ತದೆ. ಈಗ ಗಾರ್ಮೆಂಟ್ಸ್‌ಗಳಲ್ಲಿ ಪ್ರತಿ ಲೈನಿನ ಮುಂದೆ ಬೋರ್ಡು ಹಾಕಿ ಗಂಟೆಗೊಮ್ಮೆ ಟಾರ್ಗೆಟ್ ಎಷ್ಟು, ಆದ ಪೀಸ್ ಎಷ್ಟು ಅಂತ ಬರೆಯುತ್ತಾರಲ್ಲ, ಅದು ಈ ತುಂಡಿನ ಮೊಮ್ಮಗನೇ ಸರಿ. ಒಂದೇ ವ್ಯತ್ಯಾಸ, ಓವೆನ್‌ನ ಮಿಲ್ಲಿನಲ್ಲಿ ಬಣ್ಣ ಇದ್ದ ಕಡೆ ಬಾಯಿ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಬೋರ್ಡೂ ಇರುತ್ತದೆ, ಸೂಪರ್‌ವೈಸರ್ ಬಾಯಿಯೂ ಇರುತ್ತದೆ.

ಈಗ ಪಾಲುದಾರರ ಪುರಾಣ. ಬೇರೆ ಏನು ಬಿಟ್ಟರೂ ಇದನ್ನು ಯಜಮಾನರಿಗೆ ಹೇಳಿ. ಓವೆನ್ ಒಬ್ಬನೇ ಮಾಲೀಕ ಆಗಿರಲಿಲ್ಲ. ದುಡ್ಡು ಹಾಕಿದವರು ಬೇರೆಯವರು. ಮೊದಲ ಗುಂಪು, ಮ್ಯಾಂಚೆಸ್ಟರಿನವರು, ಲಾಭ ಚೆನ್ನಾಗೇ ಬರುತ್ತಿದ್ದರೂ ಶಾಲೆಗೆ ಕಟ್ಟಡ ಯಾಕೆ, ಇಷ್ಟು ಖರ್ಚು ಯಾಕೆ ಅಂತ ತಗಾದೆ ತೆಗೆದರು. 1809ರ ಸುಮಾರಿಗೆ ಓವೆನ್ ಇನ್ನೊಂದು ಗುಂಪು ಕಟ್ಟಿಕೊಂಡು ಅವರ ಪಾಲನ್ನು ಕೊಂಡ, ಆಗ ಬೆಲೆ 84,000 ಪೌಂಡ್. ಹೊಸಬರೂ ಅದೇ ರಾಗ. ಕೊನೆಗೆ ಅವರು ಅವನನ್ನೇ ಹೊರಗೆ ಹಾಕಿ ಮಿಲ್ಲನ್ನು ಹರಾಜಿಗೆ ಇಟ್ಟರು. ಕಡಿಮೆ ಬೆಲೆಗೆ ಹೊಡೆದುಕೊಳ್ಳೋಣ ಅಂತ, ಮಿಲ್ಲಿಗೆ ಈಗ 40,000ವೂ ಬಾಳುವುದಿಲ್ಲ ಅಂತ ಊರೆಲ್ಲ ಸುದ್ದಿ ಹಬ್ಬಿಸಿದರಂತೆ. ಓವೆನ್ ಅಷ್ಟರಲ್ಲಿ ಲಂಡನ್ನಿಗೆ ಹೋಗಿ ಬೇರೆಯದೇ ಜಾತಿಯ ಪಾಲುದಾರರನ್ನು ಹುಡುಕಿಕೊಂಡು ಬಂದಿದ್ದ. ತತ್ವಜ್ಞಾನಿ ಜೆರೆಮಿ ಬೆಂಥಮ್ ಒಬ್ಬ, ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ವಿಲಿಯಂ ಅಲೆನ್ ಇನ್ನೊಬ್ಬ. ಇವರ ಒಪ್ಪಂದ ಏನೆಂದರೆ, ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದು ಸಾಕು, ಅದರ ಮೇಲೆ ಬಂದದ್ದು ಮಕ್ಕಳ ಶಿಕ್ಷಣಕ್ಕೆ, ಕಾರ್ಮಿಕರ ಒಳಿತಿಗೆ. 1813ರ ಕೊನೆಯಲ್ಲಿ ಹರಾಜು ನಡೆಯಿತು. ನೂರು ನೂರು ಪೌಂಡ್ ಏರಿಸುತ್ತಾ ಹೋಗಿ 1,14,100 ಪೌಂಡಿಗೆ ಮಿಲ್ಲು ಓವೆನ್ ಕೈಗೇ ಬಂತು. 40,000 ಬಾಳುವುದಿಲ್ಲ ಅಂದವರೇ ಅಲ್ಲಿವರೆಗೆ ಬೆಲೆ ಏರಿಸಿದ್ದು! ಅವನು ಊರಿಗೆ ವಾಪಸಾದಾಗ ಜನ ಬಂಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಹೋದರು.

ಕುದುರೆ ಬಿಚ್ಚಿ ಎಳೆದದ್ದು ಪ್ರೀತಿಯಿಂದ, ಅನುಮಾನ ಬೇಡ. ಆದರೆ ಅದರಲ್ಲಿ ಭಯವೂ ಇತ್ತು ಅಂತ ನನಗನ್ನಿಸುತ್ತದೆ. ಹರಾಜಿನಲ್ಲಿ ಇನ್ನೊಂದು ನೂರು ಪೌಂಡ್ ಆ ಕಡೆಯವರು ಕೂಗಿದ್ದರೆ ಅವರ ಶಾಲೆ, ಅಂಗಡಿ, ಗಂಟೆಗಳ ಕಥೆ ಏನಾಗುತ್ತಿತ್ತು? ಅವರ ಬದುಕಿನ ಮೇಲೆ ಬೇರೆಯವರು ಹರಾಜು ಕೂಗುತ್ತಿದ್ದಾಗ ಅವರಿಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನಾನು ಮೊದಲು ಹೇಳಿದ ಪ್ರಶ್ನೆ ಇಲ್ಲಿ ಬರುತ್ತದೆ.

ಶಾಲೆಯ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಚಿಕ್ಕದಾಗಿ ಹೇಳುತ್ತೇನೆ. ಹೊಸ ಪಾಲುದಾರರು ಬಂದ ಮೇಲೆ, 1816ರ ಜನವರಿ 1ರಂದು, ದೊಡ್ಡ ಕಟ್ಟಡ ತೆರೆಯಿತು. ನಡೆಯಲು ಕಲಿತ ಪುಟಾಣಿಗಳಿಗೂ ಅದರಲ್ಲಿ ಜಾಗ. ಅವರನ್ನು ನೋಡಿಕೊಳ್ಳಲು ಇಟ್ಟದ್ದು ಜೇಮ್ಸ್ ಬ್ಯುಕ್ಯಾನನ್ ಅನ್ನುವ ನೇಕಾರನನ್ನು, ಮಾಲಿ ಯಂಗ್ ಅನ್ನುವ ಹದಿನೇಳರ ಹುಡುಗಿಯನ್ನು. ಓದಿಕೊಂಡವರಲ್ಲ, ಆದರೆ ಮಕ್ಕಳೆಂದರೆ ಪ್ರಾಣ. ಹೊಡೆಯಬೇಡಿ, ಗದರಬೇಡಿ, ಪುಸ್ತಕ ಹಿಡಿಸಿ ಕಾಟ ಕೊಡಬೇಡಿ, ಇಷ್ಟೇ ಓವೆನ್ ಕೊಟ್ಟ ಪಾಠ. ಗೋಡೆ ಮೇಲೆ ಪ್ರಾಣಿಗಳ ಚಿತ್ರ, ಭೂಪಟ, ಮಧ್ಯೆ ಹಾಡು, ಕುಣಿತ. ಫೀಸು ತಿಂಗಳಿಗೆ ಮೂರು ಪೆನ್ಸ್. ತಾಯಂದಿರು ನಿಶ್ಚಿಂತೆಯಿಂದ ಮಿಲ್ಲಿಗೆ ಬರುವುದಕ್ಕೂ ಇದರಿಂದ ಅನುಕೂಲ ಆಯಿತು ಅನ್ನುವುದನ್ನೂ ಮರೆಯಬಾರದು. ತಮಾಷೆ ಏನಂದ್ರೆ, ಲಾಭ ಬಿಟ್ಟುಕೊಟ್ಟ ಧರ್ಮಿಷ್ಠ ಅಲೆನ್‌ಗೇ ಈ ಕುಣಿತ ಹಿಡಿಸಲಿಲ್ಲ. ಬೈಬಲ್ ಪಾಠ ಸಾಲದು, ಗಂಡುಮಕ್ಕಳು ಲಂಗದ ಥರದ ಸ್ಕಾಟಿಷ್ ಉಡುಪಿನಲ್ಲಿ ಓಡಾಡುವುದು ಸರಿಯಲ್ಲ, ಪ್ಯಾಂಟು ಹಾಕಿಸಿ ಅಂತ ಅವರ ಹಟ. 1824ರಲ್ಲಿ ಓವೆನ್ ಬಗ್ಗಬೇಕಾಯಿತು.

ಈಗ ಪುಸ್ತಕದಲ್ಲಿ ಬರೆಯದ ವಿಷಯಗಳು. ನ್ಯೂ ಲ್ಯಾನಾರ್ಕಿನಲ್ಲಿ ಕೂಲಿ ಬೇರೆ ಮಿಲ್ಲುಗಳಿಗಿಂತ ಜಾಸ್ತಿ ಏನೂ ಇರಲಿಲ್ಲ. ಕಡಿಮೆ ಬಾಡಿಗೆ, ಅಗ್ಗದ ಸಾಮಾನು, ಶಾಲೆ, ವೈದ್ಯ ಇವನ್ನೆಲ್ಲ ಸೇರಿಸಿ ನೋಡಿದರೆ ಬದುಕು ಮೇಲಾಗಿತ್ತು, ಅಷ್ಟೇ. ಲಾಭದಲ್ಲಿ ನೇರ ಪಾಲು ಯಾವ ಕಾರ್ಮಿಕನಿಗೂ ಸಿಗಲಿಲ್ಲ. ಕಾಯಿಲೆ ಬಿದ್ದಾಗ ನೆರವಾಗುವ ನಿಧಿ ಇತ್ತು, ಅದು ತುಂಬುತ್ತಿದ್ದದ್ದು ಅವರದೇ ಕೂಲಿಯ ಅರವತ್ತರಲ್ಲಿ ಒಂದು ಪಾಲಿನಿಂದ. ನೀವು ಈಗ ಕಾರ್ಮಿಕರ ವಿಮೆಗೆ ಅಂತ ಕಟ್ಟುವ ಇಎಸ್‌ಐ ಜೊತೆ ಹೋಲಿಸಿ ನೋಡಿ, ಇಲ್ಲಿ ಕಾರ್ಮಿಕರ ಪಾಲು ನೂರಕ್ಕೆ 0.75, ಮಾಲೀಕರದ್ದು 3.25. ಓವೆನ್‌ನ ಲೆಕ್ಕದಲ್ಲಿ ಕಾರ್ಮಿಕನ ಪಾಲು ನೂರಕ್ಕೆ ಒಂದೂವರೆ ದಾಟುತ್ತಿತ್ತು.

ಮನೆಯೊಳಗೂ ಅವನ ಕೈ ಹೋಗಿತ್ತು. ಮನೆ ಗುಡಿಸಿದ್ದಾರಾ, ಸುಣ್ಣ ಬಳಿದಿದ್ದಾರಾ ಅಂತ ನೋಡಲು ತಪಾಸಣೆ ಮಾಡುವವರು ಬರುತ್ತಿದ್ದರು. ಹೆಂಗಸರು ಮೊದಮೊದಲು ಬಾಗಿಲು ಹಾಕಿಕೊಂಡು ಬೈದು ಕಳಿಸಿದರಂತೆ, ತಿಗಣೆ ಹುಡುಕುವವರು ಅಂತ ಅಡ್ಡ ಹೆಸರೂ ಇಟ್ಟರು. ಕುಡಿದು ಬೀದಿಯಲ್ಲಿ ಬಿದ್ದರೆ ದಂಡ. ಚಳಿಗಾಲದಲ್ಲಿ ರಾತ್ರಿ ಹತ್ತೂವರೆ ಮೇಲೆ ಹೊರಗೆ ತಿರುಗುವ ಹಾಗಿಲ್ಲ. ಊರವರ ವ್ಯಾಜ್ಯ ತೀರಿಸಲು ಊರವರೇ ಆರಿಸಿದ ಪಂಚರು ಇದ್ದರು, ಅದು ಒಳ್ಳೆಯದೇ. ಆದರೆ ಕೂಲಿ ಎಷ್ಟು, ಗಂಟೆ ಎಷ್ಟು, ಮಿಲ್ಲಿನ ನಿಯಮ ಏನು ಅನ್ನುವುದರಲ್ಲಿ ಅವರಿಗೆ ಬಾಯಿ ಇರಲಿಲ್ಲ. 1819ರಲ್ಲಿ ಕವಿ ರಾಬರ್ಟ್ ಸದೆ ಬಂದು ಎಲ್ಲ ನೋಡಿದ. ಓವೆನ್ ಅವನಿಗೆ ಇಷ್ಟವಾದ, ಆದರೂ ಖಾರವಾಗೇ ಬರೆದುಕೊಂಡ: ಇದಕ್ಕೂ ಗುಲಾಮರ ತೋಟಕ್ಕೂ ಮೂಲದಲ್ಲಿ ದೊಡ್ಡ ಭೇದ ಇಲ್ಲ, ಇಲ್ಲಿಯವರು ಬಿಳಿಯರು, ಬೇಕಾದರೆ ಬಿಟ್ಟು ಹೋಗಬಹುದು, ಇರುವಷ್ಟು ದಿನ ಮಾತ್ರ ಪೂರ್ತಿ ಒಬ್ಬನ ಅಧೀನ ಅನ್ನುವ ಅರ್ಥದಲ್ಲಿ. ನನಗೆ ಈ ಮಾತು ಅತಿ ಅನ್ನಿಸುತ್ತದೆ, ಬೇಕಾದರೆ ಬಿಟ್ಟು ಹೋಗಬಹುದು ಅನ್ನುವುದು ಬೆಟ್ಟದಷ್ಟು ದೊಡ್ಡ ಭೇದ. ನಿಜವಾದ ಗುಲಾಮರು ಬೇರೆ ಕಡೆ ಇದ್ದರು. ನ್ಯೂ ಲ್ಯಾನಾರ್ಕಿನ ಚಕ್ರಗಳಿಗೆ ಬರುತ್ತಿದ್ದ ಅಮೆರಿಕದ ಹತ್ತಿ ಬಿಡಿಸಿದ ಕೈಗಳು ಅವರವು. ನಾಲ್ಕು ತಿಂಗಳ ಸಂಬಳ ಕೊಟ್ಟ ಧಣಿಯ ಔದಾರ್ಯ ಕ್ಲೈಡ್ ನದಿಯ ದಡ ದಾಟಿ ಆ ಕಡೆ ಹೋಗಲಿಲ್ಲ.

ಹಾಗಾದರೆ ಅವನನ್ನು ಯಾಕೆ ಇಷ್ಟು ಹೊಗಳಬೇಕು? ತನ್ನ ಒಳ್ಳೆಯತನ ಸಾಲದು ಅಂತ ಅವನಿಗೇ ಗೊತ್ತಿತ್ತು, ಅದಕ್ಕೆ. 1815ರಲ್ಲಿ ಅವನು ಎಲ್ಲ ಮಿಲ್ಲುಗಳಿಗೂ ಕಾನೂನು ಮಾಡಿ ಅಂತ ಓಡಾಡಲು ಶುರು ಮಾಡಿದ. ಹತ್ತು ವರ್ಷದ ಕೆಳಗಿನವರಿಗೆ ಕೆಲಸ ಬೇಡ, ಮಕ್ಕಳಿಗೆ ದಿನಕ್ಕೆ ಹತ್ತೂವರೆ ಗಂಟೆಗಿಂತ ಜಾಸ್ತಿ ಬೇಡ, ನೋಡಿಕೊಳ್ಳಲು ಸಂಬಳದ ತಪಾಸಣಾಧಿಕಾರಿ ಇರಲಿ. ಸಂಸತ್ತಿನ ಸಮಿತಿ ಮುಂದೆ 1816ರಲ್ಲಿ ಸಾಕ್ಷಿ ಹೇಳಿದ. ಆ ಹೊತ್ತಿಗೆ ಅವನ ಮಿಲ್ಲಿನಲ್ಲಿ ಕೆಲಸ ಊಟದ ಬಿಡುವು ಕಳೆದು ಹತ್ತೂಮುಕ್ಕಾಲು ಗಂಟೆ. ಅಷ್ಟಕ್ಕೆ ಇಳಿಸಲು ಅವನಿಗೇ ಹದಿನಾರು ವರ್ಷ ಬೇಕಾಯಿತು, ಪಾಲುದಾರರು ಬಿಡಬೇಕಲ್ವಾ. ಒಬ್ಬನೇ ಗಂಟೆ ಇಳಿಸಿದರೆ ಪಕ್ಕದ ಮಿಲ್ಲಿನವನು ಅಗ್ಗದಲ್ಲಿ ಮಾರುತ್ತಾನೆ, ಎಲ್ಲರಿಗೂ ಒಂದೇ ಕಾನೂನಾದರೆ ಯಾರಿಗೂ ನಷ್ಟವಿಲ್ಲ. ಮಾಲೀಕನೇ ಹೀಗೆ ವಾದಿಸಿದಾಗ ಉಳಿದ ಮಾಲೀಕರು ಉರಿದುಬಿದ್ದರು, ಅವನ ಊರಿನವರೆಗೂ ಹೋಗಿ ಅವನ ಮೇಲೆ ಚಾಡಿ ಸಂಗ್ರಹಿಸಿದರು.

ಕೊನೆಗೆ 1819ರಲ್ಲಿ ಬಂದ ಕಾನೂನು ನೋಡಿ ಓವೆನ್‌ಗೆ ಅದು ತನ್ನದು ಅಂತ ಹೇಳಿಕೊಳ್ಳಲೂ ಮನಸ್ಸಿರಲಿಲ್ಲ. ಹತ್ತಿ ಮಿಲ್ಲಿಗೆ ಮಾತ್ರ, ವಯಸ್ಸು ಒಂಬತ್ತು, ಹದಿನಾರರ ಒಳಗಿನವರಿಗೆ ಹನ್ನೆರಡು ಗಂಟೆ, ತಪಾಸಣಾಧಿಕಾರಿ ಇಲ್ಲವೇ ಇಲ್ಲ. ಸಂಬಳದ ಅಧಿಕಾರಿಗಳು ಬಂದದ್ದು 1833ರ ಕಾನೂನಿನಲ್ಲಿ, ಅದೂ ಇಡೀ ದೇಶಕ್ಕೆ ನಾಲ್ಕು ಜನ. ನಮ್ಮ ದೇಶಕ್ಕೆ ಬಂದ 1881ರ ಮೊದಲ ಕಾರ್ಖಾನೆ ಕಾನೂನು ಈ ಬಳ್ಳಿಯದೇ ಕುಡಿ. ಅದರಲ್ಲಿ ಕೆಲಸಕ್ಕೆ ಕನಿಷ್ಠ ವಯಸ್ಸು ಏಳು! ಓವೆನ್ ಹತ್ತು ಅಂದು ಅರುವತ್ತಾರು ವರ್ಷ ಆಗಿತ್ತು. ಅದನ್ನು ತರಲು ಇಂಗ್ಲೆಂಡಿನ ಲ್ಯಾಂಕಾಷೈರಿನ ಮಿಲ್ ಮಾಲೀಕರೂ ಒತ್ತಾಯ ಮಾಡಿದ್ದರು, ಬೊಂಬಾಯಿ ಮಿಲ್ಲುಗಳ ಪೈಪೋಟಿ ತಗ್ಗಲಿ ಅಂತ. ಇಲ್ಲೂ ದಯೆಗೆ ಲೆಕ್ಕದ ಜೊತೆ. ಅದೇ ಕಾಲಕ್ಕೆ ನಾಗಪುರದಲ್ಲಿ ಎಂಪ್ರೆಸ್ ಮಿಲ್ ನಡೆಸುತ್ತಿದ್ದ ಜಮ್‌ಷೆಟ್‌ಜಿ ಟಾಟಾ ಕಾನೂನು ಕೇಳದಿದ್ದರೂ 1886ರಲ್ಲಿ ಪಿಂಚಣಿ ನಿಧಿ ತೆರೆದರು ಅನ್ನುವುದನ್ನೂ ಹೇಳಬೇಕು. ಇನ್ನೂ ಹತ್ತಿರದ್ದು ಬೇಕಾದರೆ, 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾನೂನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡು, ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಗಂಟೆಗಳ ಜಗಳ ಮುಗಿದ ವಿಷಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಓವೆನ್ ಮುಂದೆ ಅಮೆರಿಕದ ಇಂಡಿಯಾನಾಕ್ಕೆ ಹೋಗಿ ನ್ಯೂ ಹಾರ್ಮನಿ ಅನ್ನುವ ಆದರ್ಶ ಊರು ಕಟ್ಟಲು ಹೊರಟು, ಎರಡೇ ವರ್ಷದಲ್ಲಿ ಸೋತು, ಆಸ್ತಿಯ ಬಹುಪಾಲು ಕಳೆದುಕೊಂಡ. 1834ರಲ್ಲಿ ದೇಶದ ದೊಡ್ಡ ಕಾರ್ಮಿಕ ಸಂಘಕ್ಕೆ ಮುಂದಾಳೂ ಆದ. ತಾನು ಧಣಿಯಾಗಿದ್ದಾಗ ಮಿಲ್ಲಿನಲ್ಲಿ ಸಂಘ ಇರಲಿಲ್ಲ, ಧಣಿಗಿರಿ ಬಿಟ್ಟ ಮೇಲೆ ಸಂಘಕ್ಕೆ ನಾಯಕ. ನ್ಯೂ ಲ್ಯಾನಾರ್ಕ್ ಅವನು ಹೋದ ಮೇಲೂ 1968ರವರೆಗೆ ನೂಲು ತೆಗೆಯಿತು, ಈಗ ಯುನೆಸ್ಕೊ ಪಟ್ಟಿಯಲ್ಲಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಶಾಲೆ ಕಟ್ಟಿ, ಊರು ಕಟ್ಟಿ ಅಂತ ಅರವತ್ತು ಜನರ ಯೂನಿಟ್ಟಿಗೆ ಹೇಳಿದರೆ ನಗುತ್ತೀರಿ. ಆದರೆ ಆರ್ಡರ್ ಕೈಕೊಟ್ಟ ತಿಂಗಳಿಗೆ ಅಂತ ಸ್ವಲ್ಪ ಸ್ವಲ್ಪ ಬೇರೆ ತೆಗೆದಿಡಲು ನಿಮಗೂ ಆಗುತ್ತದೆ. ನಾಲ್ಕು ತಿಂಗಳು ಬೇಡ, ಎರಡು ವಾರದ ಸಂಬಳ ಇರಲಿ. ನುರಿತ ಟೈಲರ್ ಒಮ್ಮೆ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಹೋದರೆ ಹೊಸಬರಿಗೆ ಕಲಿಸುವಷ್ಟರಲ್ಲಿ ಎಷ್ಟು ಪೀಸ್ ರಿಜೆಕ್ಟ್ ಆಗುತ್ತದೆ ಅನ್ನುವ ಲೆಕ್ಕ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅದನ್ನೇ ಅವರ ಮುಂದೆ ಇಡಿ. ಬೋರ್ಡು ಬೇಕಿದ್ದರೆ ಲೈನಿನ ಲೆಕ್ಕ ಬರೆಯಿರಿ, ಒಬ್ಬೊಬ್ಬರ ಹೆಸರು ಹಾಕಬೇಡಿ. ಸೂಪರ್‌ವೈಸರ್ ಬಾಯಿಗೆ ಕಡಿವಾಣ ಹಾಕಿ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕೊನೆಯದಾಗಿ ಓವೆನ್ ಮಾಡದೆ ಬಿಟ್ಟದ್ದು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ದೂರು ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಕಾರ್ಮಿಕರ ಕಡೆಯವರು ಮಾಲೀಕರ ಕಡೆಯವರಷ್ಟೇ ಇರಬೇಕು ಅಂತ ಕಾನೂನು ಇದೆ. ಎಷ್ಟೋ ಕಡೆ ಅದು ಫೈಲಿನಲ್ಲಿ ಮಾತ್ರ, ಹೆಸರುಗಳನ್ನು ಎಚ್‌ಆರ್‌ನವರೇ ಬರೆದು ಸಹಿ ಹಾಕಿಸಿರುತ್ತಾರೆ. ನೀವು ಹಾಗೆ ಮಾಡಬೇಡಿ. ಊಟದ ಬಿಡುವಿನಲ್ಲಿ ಒಂದು ಡಬ್ಬ ಇಟ್ಟು, ಹೆಲ್ಪರ್‌ಗಳನ್ನೂ ಸೇರಿಸಿ, ಚೀಟಿ ಹಾಕಿಸಿ ಅವರವರನ್ನೇ ಆರಿಸಿಕೊಳ್ಳಲು ಬಿಡಿ. ನಿಮಗೆ ಇಷ್ಟವಿಲ್ಲದವರು ಒಬ್ಬಿಬ್ಬರು ಆರಿಸಿ ಬಂದೇ ಬರುತ್ತಾರೆ. ಬರಲಿ.